ಭಾಷೆಯ ಕಾಲಂ ಖಾಲಿ ಬಿಡಬೇಡಿ

(ಅಂಚೆಟ್ಟಿಯಲ್ಲಿ ನಮ್ಮ ಹುಡುಗರು, ಹುಡುಗಿಯರು ಸೇರಿದ್ದಾಗ ಆಡಿದ ಮಾತು. ಕೇಳಿದವರು "ಬರೆದು ಹಾಕಿ ಅಣ್ಣ" ಅಂದ್ರು. ಅದಕ್ಕೆ ಇಲ್ಲಿ ಹಾಕ್ತಿದ್ದೀನಿ. ಉದ್ದ ಇದೆ, ಪೂರ್ತಿ ಓದಿ.)



ನಿಂತು ಮಾತಾಡಿ ನನಗೆ ಅಭ್ಯಾಸ ಇಲ್ಲ. ನಾನು ಕೌಂಟರ್ ಹಿಂದೆ ಕೂತು ಮಾತಾಡೋನು. ಬಿಕಾಂ ಓದಿ, ಪರೀಕ್ಷೆ ಬರೆದು, ಬ್ಯಾಂಕಿನಲ್ಲಿ ಗುಮಾಸ್ತ ಆಗಿದ್ದೀನಿ. ಭಾಷಣ ಮಾಡೋವಷ್ಟು ವಿಷಯ ನನ್ನ ಹತ್ರ ಇಲ್ಲ. ಆದ್ರೆ ಒಂದು ವಿಷಯ ನಿಮಗಿಂತ ಸ್ವಲ್ಪ ಹತ್ತಿರದಿಂದ ನೋಡಿದ್ದೀನಿ. ನಿಮ್ಮ ಫೋನಿಗೆ ಬ್ಯಾಂಕಿಂದ, ಗ್ಯಾಸ್ ಕಂಪನಿಯಿಂದ, ಸರ್ಕಾರದಿಂದ ತಾನೇ ತಾನಾಗಿ ಬರುತ್ತಲ್ಲ ಮೆಸೇಜು, ಅದು ಹೇಗೆ ಹೊರಡುತ್ತೆ, ಯಾಕೆ ಕನ್ನಡದಲ್ಲಿ ಬರಲ್ಲ, ಬರಬೇಕಾದ್ರೆ ನಾವು ಏನು ಮಾಡಬೇಕು ಅನ್ನೋದು. ಇವತ್ತು ಅಷ್ಟೇ ಹೇಳ್ತೀನಿ.

ಮೊದಲು ಒಬ್ಬ ಅಜ್ಜಿ ಕಥೆ ಹೇಳ್ತೀನಿ. ಅಜ್ಜಿ ಹೆಸರು ಬೇಡ, ಬ್ಯಾಂಕಿನ ಹೆಸರೂ ಬೇಡ. ಮೂರು ವರ್ಷದ ಹಿಂದಿನ ಮಾತು. ಕಾಡಂಚಿನ ಹಳ್ಳಿಯಿಂದ ಬಸ್ಸು ಹತ್ತಿ ಬಂದಿದ್ರು. ಪಿಂಚಣಿ ದುಡ್ಡು ತೆಗೆಯೋಕೆ ಚೀಟಿ ಬರೆಸಿ ಕೊಟ್ರು. ಕಂಪ್ಯೂಟರ್ ದುಡ್ಡು ಕೊಡಲಿಲ್ಲ. ಕೆವೈಸಿ ಬಾಕಿ, ಖಾತೆ ನಿಂತಿದೆ ಅಂತ ತೋರಿಸ್ತು. ನಾನು ದಿನಾ ಹೇಳೋ ಮಾತನ್ನೇ ಹೇಳಿದೆ, "ಮೆಸೇಜ್ ಬಂದಿತ್ತಲ್ಲ ಅಜ್ಜಿ, ನೋಡಲಿಲ್ವಾ?"

ಅಜ್ಜಿ ಸೆರಗಿನ ಗಂಟು ಬಿಚ್ಚಿ ಬಟನ್ ಫೋನ್ ತೆಗೆದು ನನ್ನ ಮುಂದಿಟ್ರು. "ಬಂದೈತೆ ಕಣಪ್ಪಾ. ಟಿಂಗ್ ಟಿಂಗ್ ಅಂತ ಬಂದೇ ಬಂದೈತೆ. ಏನು ಬರೆದವ್ರೆ ಅಂತ ನೀನೇ ಹೇಳು."

ತೆಗೆದು ನೋಡಿದೆ. ಕೆಲವು ಇಂಗ್ಲಿಷು, ಕೆಲವು ತಮಿಳು. ಅಜ್ಜಿ ತಾವು ಚಿಕ್ಕವರಿದ್ದಾಗ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸು ಓದಿದವರು. ಕನ್ನಡ ಅಕ್ಷರ ಕೂಡಿಸಿ ಓದ್ತಾರೆ. ಆ ಫೋನಿನಲ್ಲಿ ಕನ್ನಡದ ಒಂದಕ್ಷರ ಇರಲಿಲ್ಲ.

ಬ್ಯಾಂಕಿನ ಲೆಕ್ಕದಲ್ಲಿ ತಪ್ಪು ಅಜ್ಜಿದು. ಮೆಸೇಜು ಹೋಗಿದೆ, ತಲುಪಿದೆ ಅಂತ ದಾಖಲೆ ಇದೆ. ಅಜ್ಜಿಯ ಲೆಕ್ಕದಲ್ಲಿ ಯಾರೂ ಏನೂ ಹೇಳಲೇ ಇಲ್ಲ. ಇಬ್ಬರ ಲೆಕ್ಕವೂ ಸರಿ. ಹಂಗಾದ್ರೆ ತಪ್ಪು ಎಲ್ಲಿ?

ಸಾರೋನಿಗೆ ಗೊತ್ತಿತ್ತು

ನಮ್ಮ ತಾತ ಹೇಳ್ತಿದ್ರು. ಹಿಂದೆ ಊರಲ್ಲಿ ಏನಾದ್ರೂ ತಿಳಿಸಬೇಕು ಅಂದ್ರೆ ತಮಟೆ ಬಡಿದು ಸಾರೋರು. ಕಂದಾಯ ಕಟ್ಟೋ ದಿನ, ಜಾತ್ರೆ, ಪಂಚಾಯ್ತಿ, ಎಲ್ಲಾ ಹಂಗೇ. ನಮ್ಮ ಕಡೆ ಒಂದೇ ಊರಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಇದೆಯಲ್ಲ. ಸಾರೋನು ಈ ಬೀದಿಗೆ ಬಂದ್ರೆ ಕನ್ನಡದಲ್ಲಿ ಕೂಗೋನು, ಆ ಬೀದಿ ತಿರುಗಿದ್ರೆ ತೆಲುಗು, ಮುಂದಿನ ಬೀದಿಗೆ ತಮಿಳು. ಅವನಿಗೆ ಯಾರೂ ಸುತ್ತೋಲೆ ಕಳಿಸಿರಲಿಲ್ಲ. ಮನೆ ಮನೆ ಗೊತ್ತಿತ್ತು, ಅಷ್ಟೇ.

ಈಗ ಸಾರೋನ ಜಾಗದಲ್ಲಿ ಒಂದು ಸಾಫ್ಟ್‌ವೇರ್ ಕೂತಿದೆ. ಅದು ಒಂದು ಗಂಟೆಯಲ್ಲಿ ಲಕ್ಷಾಂತರ ಜನಕ್ಕೆ ಸಾರುತ್ತೆ. ಅದಕ್ಕೆ ಮನೆ ಗೊತ್ತಿಲ್ಲ. ನಾವು ಬರೆದುಕೊಟ್ಟಿದ್ದು ಮಾತ್ರ ಗೊತ್ತು.

ಆ ಸಾಫ್ಟ್‌ವೇರ್‌ನಲ್ಲಿ ಮೆಸೇಜುಗಳನ್ನ ಜೋಡಿಸೋಕೆ ಕ್ಯಾಂಪೇನ್ ಅಂತಾರೆ. ಚುನಾವಣೆ ಕ್ಯಾಂಪೇನ್ ಅಲ್ಲ. ಒಂದು ಕೆಲಸಕ್ಕೆ ಯಾರಿಗೆ, ಯಾವಾಗ, ಏನು ಹೇಳಬೇಕು ಅಂತ ಮೊದಲೇ ಹೆಣೆದಿಡೋದು. ಒಂದು ಸಲ ಹೆಣೆದಿಟ್ಟರೆ ಆಮೇಲೆ ಯಾರೂ ಮುಟ್ಟೋದು ಬೇಡ, ಅದರ ಪಾಡಿಗೆ ಅದು ಓಡ್ತಾ ಇರುತ್ತೆ. ಹಂಗೆ ಹೆಣೆಯೋವಾಗ ಆರು ಪ್ರಶ್ನೆಗೆ ಉತ್ತರ ಬರೆಯಬೇಕು. ಅಜ್ಜಿಯ ಕೆವೈಸಿ ಮೆಸೇಜನ್ನೇ ಇಟ್ಟುಕೊಂಡು ಹೇಳ್ತೀನಿ.

1. ಯಾರಿಗೆ? ಬ್ಯಾಂಕಿನ ಎಲ್ಲಾ ಗ್ರಾಹಕರಿಗೂ ಅಲ್ಲ. ಕೆವೈಸಿ ಗಡುವು ಹತ್ತಿರ ಬಂದವರಿಗೆ ಮಾತ್ರ. ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಹೆಚ್ಚು ಅಪಾಯದ ಖಾತೆಗೆ 2 ವರ್ಷಕ್ಕೊಮ್ಮೆ, ಮಧ್ಯಮಕ್ಕೆ 8 ವರ್ಷಕ್ಕೊಮ್ಮೆ, ಕಡಿಮೆ ಅಪಾಯದ ಖಾತೆಗೆ 10 ವರ್ಷಕ್ಕೊಮ್ಮೆ ಕೆವೈಸಿ ಹೊಸದು ಮಾಡಬೇಕು. ಆ ತಾರೀಕು ನೋಡಿ ಯಂತ್ರ ಪಟ್ಟಿ ತೆಗೆಯುತ್ತೆ.

2. ಯಾವಾಗ? ಗಡುವಿಗೆ ಇಷ್ಟು ದಿನ ಮುಂಚೆ ಅಂತ ಬರೆದಿಟ್ಟಿರ್ತಾರೆ. ಆ ದಿನ ಬಂದ ತಕ್ಷಣ ಮೆಸೇಜು ಹೊರಡುತ್ತೆ. ಯಾರೂ ಗುಂಡಿ ಒತ್ತಲ್ಲ.

3. ಏನು ಹೇಳಬೇಕು? ಇದಕ್ಕೆ ಟೆಂಪ್ಲೇಟ್ ಅಂತಾರೆ. ಅಚ್ಚು ಇದ್ದಂಗೆ. ಹೆಸರು, ತಾರೀಕು, ಖಾತೆಯ ಕೊನೆ ಅಂಕಿ ಇವಕ್ಕೆ ಖಾಲಿ ಜಾಗ, ಉಳಿದ ಮಾತು ಎಲ್ಲರಿಗೂ ಒಂದೇ.

4. ಯಾವ ದಾರೀಲಿ? ಎಸ್ಸೆಮ್ಮೆಸ್ಸಾ, ವಾಟ್ಸಾಪಾ, ಧ್ವನಿ ಕರೆಯಾ, ಅಂಚೆ ಪತ್ರವಾ.

5. ಎಷ್ಟು ಸಲ, ಎಲ್ಲಿ ನಿಲ್ಲಿಸಬೇಕು? ಕೆವೈಸಿ ಕೊಟ್ಟ ಮೇಲೂ "ಕೆವೈಸಿ ಕೊಡಿ" ಅಂತ ಮೆಸೇಜು ಬಂದರೆ ಈ ಐದನೇ ಪ್ರಶ್ನೆಗೆ ಯಾರೋ ಉತ್ತರ ಬರೆದಿಲ್ಲ ಅಂತ ಅರ್ಥ. ಈಗ ಇದಕ್ಕೆ ರಿಸರ್ವ್ ಬ್ಯಾಂಕ್ ಗಟ್ಟಿ ನಿಯಮ ಮಾಡಿದೆ. 2025ರ ಜೂನ್‌ನಲ್ಲಿ ಬಂದ ತಿದ್ದುಪಡಿ ಪ್ರಕಾರ ಗಡುವಿಗೆ ಮುಂಚೆ ಕನಿಷ್ಠ 3 ಸಲ ತಿಳಿಸಬೇಕು, ಅದರಲ್ಲಿ ಒಂದಾದ್ರೂ ಪತ್ರ ಆಗಿರಬೇಕು. ಗಡುವು ದಾಟಿದ ಮೇಲೂ ಕನಿಷ್ಠ 3 ಸಲ ನೆನಪಿಸಬೇಕು, ಅದರಲ್ಲೂ ಒಂದು ಪತ್ರ. ಒಟ್ಟು 6.

6. ಫಲ ಏನಾಯ್ತು? ಎಷ್ಟು ಜನಕ್ಕೆ ತಲುಪಿತು, ಎಷ್ಟು ಜನ ಬಂದು ಕೆವೈಸಿ ಕೊಟ್ಟರು. ಮೊದಲನೇ ಲೆಕ್ಕ ಯಂತ್ರ ತಾನೇ ಕೊಡುತ್ತೆ, ಎಲ್ಲರೂ ನೋಡ್ತಾರೆ. ಎರಡನೇದು ಹುಡುಕಿ ತೆಗೆಯಬೇಕು, ಹಂಗಾಗಿ ನೋಡೋರು ಕಮ್ಮಿ. ಅಜ್ಜಿ ಮೊದಲನೇ ಲೆಕ್ಕದಲ್ಲಿ "ತಲುಪಿದೆ" ಅನ್ನೋ ಕಡೆ ಸೇರಿದ್ರು.

ಈ ಆರರಲ್ಲಿ ಭಾಷೆ ಎಲ್ಲಿ ಬಂತು? ಬರಲೇ ಇಲ್ಲ. ಅದೇ ನಾನು ಹೇಳೋಕೆ ಬಂದಿರೋದು. ಭಾಷೆ ಒಂದು ಪ್ರಶ್ನೆಯಾಗಿ ಎದುರಿಗೆ ಬರಲ್ಲ. ಗ್ರಾಹಕರ ಪಟ್ಟಿಯಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಪಕ್ಕದಲ್ಲಿ ಒಂದು ಚಿಕ್ಕ ಕಾಲಂ ಆಗಿ ಕೂತಿರುತ್ತೆ. ಆ ಕಾಲಂನಲ್ಲಿ ಏನಿದೆಯೋ ಅದನ್ನ ನೋಡಿ ಯಂತ್ರ ಅಚ್ಚು ಆರಿಸುತ್ತೆ. ಖಾಲಿ ಇದ್ರೆ ಮೊದಲೇ ಬರೆದಿಟ್ಟಿರೋ ಭಾಷೆಗೆ ಹೋಗುತ್ತೆ. ಸಾಮಾನ್ಯವಾಗಿ ಅದು ಇಂಗ್ಲಿಷು, ಇಲ್ಲಾಂದ್ರೆ ಶಾಖೆ ಇರೋ ರಾಜ್ಯದ ಭಾಷೆ.

ಆ ಕಾಲಂ ಖಾಲಿ ಬಿಟ್ಟೋರು ಯಾರು

ಅಜ್ಜಿಯ ಕೆವೈಸಿ ಮಾಡೋಕೆ ಹಳೇ ಅರ್ಜಿ ತೆಗೆಸಿದೆ. ಖಾತೆ ತೆರೆದ ಅರ್ಜಿಯನ್ನ ಕಂಪ್ಯೂಟರಿಗೆ ಏರಿಸಿದ್ದು ಯಾರು ಅಂತ ನೋಡಿದ್ರೆ, ನಾನೇ. ಕೆಲಸಕ್ಕೆ ಸೇರಿದ ಹೊಸದು. ಭಾಷೆ ಅನ್ನೋ ಜಾಗದಲ್ಲಿ ನಾನು ಏನೂ ಹಾಕಿರಲಿಲ್ಲ.

ಆ ದಿನಗಳು ನೆನಪಿವೆ. ಬಾಗಿಲ ತನಕ ಸಾಲು. ಒಂದು ಅರ್ಜಿಗೆ ಮೂವತ್ತು ನಲವತ್ತು ಕಾಲಂ. ತುಂಬಲೇಬೇಕಾದ ಕಾಲಂಗೆ ಚುಕ್ಕಿ ಗುರುತು ಇರುತ್ತೆ, ಅವನ್ನ ತುಂಬಿ ಉಳಿದದ್ದಕ್ಕೆ ಟ್ಯಾಬ್ ಒತ್ತಿ ಒತ್ತಿ ಮುಂದೆ ಹೋಗೋದು. ಭಾಷೆ ಕಾಲಂಗೆ ಚುಕ್ಕಿ ಇರಲಿಲ್ಲ. ಅಜ್ಜಿ ನನ್ನ ಹತ್ರ ಕನ್ನಡದಲ್ಲೇ ಮಾತಾಡಿದ್ರು, ನಾನೂ ಕನ್ನಡದಲ್ಲೇ ಉತ್ತರ ಕೊಟ್ಟಿದ್ದೆ. ನನಗೆ ಗೊತ್ತಿತ್ತು. ಯಂತ್ರಕ್ಕೆ ಹೇಳಲಿಲ್ಲ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಇಂಥ ವಿಷಯ ಬಂದಾಗ ನಮ್ಮ ಹುಡುಗರು ತಕ್ಷಣ "ಬೇಕಂತಲೇ ಮಾಡ್ತಾರೆ ಅಣ್ಣ" ಅಂತಾರೆ. ಬೇಕಂತ ಮಾಡೋ ಜಾಗಗಳು ಇರಬಹುದು, ಅದರ ಮಾತು ಬೇರೆ. ಆದ್ರೆ ಇಲ್ಲಿ ಕನ್ನಡದವನಾದ ನಾನೇ ಕನ್ನಡದ ಅಜ್ಜಿಯ ಕಾಲಂ ಖಾಲಿ ಬಿಟ್ಟಿದ್ದೆ. ದ್ವೇಷಕ್ಕಿಂತ ಜಾಸ್ತಿ ಕೆಲಸ ಕೆಡಿಸೋದು ಈ ಟ್ಯಾಬ್ ಒತ್ತೋ ಬೆರಳು.

ಇನ್ನೊಂದು ಕಾರಣ ನಿಯಮದಲ್ಲೇ ಇದೆ. ಪಾಸ್‌ಬುಕ್ಕು, ಚಲನ್ನು, ಅರ್ಜಿ ಇವೆಲ್ಲಾ ಇಂಗ್ಲಿಷು, ಹಿಂದಿ ಮತ್ತು ಆಯಾ ಪ್ರಾದೇಶಿಕ ಭಾಷೆ, ಹೀಗೆ ಮೂರರಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಒಳ್ಳೇ ನಿಯಮ. ಆದ್ರೆ ಪ್ರಾದೇಶಿಕ ಭಾಷೆ ಅಂದ್ರೆ ಬ್ಯಾಂಕುಗಳು ರಾಜ್ಯದ ಭಾಷೆ ಅಂತ ಓದಿಕೊಳ್ತವೆ. ಅತ್ತಿಬೆಲೆಯಲ್ಲಿ ಕನ್ನಡ, ಗಡಿ ದಾಟಿ ಹೊಸೂರಿಗೆ ಬಂದ್ರೆ ತಮಿಳು. ಗೆರೆಯ ಈ ಕಡೆ ಇರೋ ನಮ್ಮ ಮನೆಗಳಿಗೆ ಆ ಲೆಕ್ಕದಲ್ಲಿ ಜಾಗ ಇಲ್ಲ. ಕಾಸರಗೋಡಿನವರಿಗೂ ಇದೇ ಪಾಡು, ಅಕ್ಕಲಕೋಟೆ, ಜತ್ತಿನ ಕನ್ನಡದವರಿಗೂ ಇದೇ ಪಾಡು.

ಭಾಷಾ ಅಲ್ಪಸಂಖ್ಯಾತರ ಹಳೇ ರಕ್ಷಣಾ ನಿಯಮಗಳಲ್ಲಿ ಒಂದು ಲೆಕ್ಕ ಇದೆ. ಒಂದು ಜಿಲ್ಲೆಯಲ್ಲೋ ತಾಲೂಕಿನಲ್ಲೋ ಒಂದು ಭಾಷೆಯವರು 15% ಇದ್ರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು ಅಂತ. ಆವಾಗ ಅದು ಸರಿ. ಅಚ್ಚು ಹಾಕಿಸಬೇಕು, ಕಾಗದ ಬೇಕು, ಹಂಚಬೇಕು, ನಾಲ್ಕು ಜನಕ್ಕೋಸ್ಕರ ಮಾಡೋಕಾಗಲ್ಲ. ಈಗಿನ ಯಂತ್ರಕ್ಕೆ ಈ ಕಷ್ಟ ಇಲ್ಲ. ಕನ್ನಡದ ಅಚ್ಚು ಒಂದಿದ್ರೆ ಸಾಕು, ಊರಿಗೆ ಒಬ್ಬರೇ ಕನ್ನಡದವರಿದ್ರೂ ಅವರೊಬ್ಬರಿಗೆ ಕನ್ನಡದಲ್ಲಿ ಹೋಗುತ್ತೆ. ನೂರಕ್ಕೆ ಹದಿನೈದು ಬೇಡ, ಒಬ್ಬರು ಸಾಕು. ಅದಕ್ಕೇ ನಾನು ಹೇಳೋದು, ಈ ತಂತ್ರಜ್ಞಾನ ನಮ್ಮಂಥ ಚದುರಿದ ಜನಕ್ಕೆ ವರ. ಕಾಲಂ ತುಂಬಿದ್ರೆ ಮಾತ್ರ.

"ಕನ್ನಡದಲ್ಲಿ ಕಳಿಸಿದ್ರೆ ಖರ್ಚು ಜಾಸ್ತಿ"

ಕೇಳೋಕೆ ಹೋದ್ರೆ ಈ ಉತ್ತರ ಬರುತ್ತೆ. ಇದರಲ್ಲಿ ಅರ್ಧ ನಿಜ ಇದೆ, ತಿಳ್ಕೊಂಡು ಹೋಗಿ.

ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಯುತ್ತೆ. ಕನ್ನಡ ಯುನಿಕೋಡ್‌ನಲ್ಲಿ 70 ಮಾತ್ರ. ಉದ್ದ ಆಗಿ ತುಂಡಾದ್ರೆ ಒಂದೊಂದು ತುಂಡಿಗೆ ಇಂಗ್ಲಿಷಿಗೆ 153, ಕನ್ನಡಕ್ಕೆ 67. ತುಂಡು ಹೆಚ್ಚಾದಷ್ಟು ದುಡ್ಡು ಹೆಚ್ಚು. ಅದೂ ಅಲ್ಲದೆ ನಮ್ಮ ಕಣ್ಣಿಗೆ ಕಾಣೋ ಅಕ್ಷರವೇ ಬೇರೆ, ಯಂತ್ರ ಎಣಿಸೋದೇ ಬೇರೆ. "ಅಂಚೆಟ್ಟಿ" ಅಂತ ಬರೆದ್ರೆ ನಮಗೆ ಮೂರು ಅಕ್ಷರ. ಯಂತ್ರಕ್ಕೆ ಎಂಟು. ಅ ಒಂದು, ಸೊನ್ನೆ ಒಂದು, ಚ ಒಂದು, ಎತ್ವ ಒಂದು, ಟ ಒಂದು, ಅರ್ಧಕ್ಷರದ ಗುರುತು ಒಂದು, ಒತ್ತಕ್ಷರದ ಟ ಒಂದು, ಗುಡಿಸು ಒಂದು. ಎಣಿಸಿ ನೋಡಿ.

ಹಂಗಾಗಿ ಇಂಗ್ಲಿಷಿನ ಉದ್ದದ ವಾಕ್ಯವನ್ನ ಹಿಡಿದು "ನಿಮ್ಮ ಗ್ರಾಹಕರನ್ನು ತಿಳಿಯಿರಿ ಪ್ರಕ್ರಿಯೆಯ ನಿಯತಕಾಲಿಕ ನವೀಕರಣವು ಬಾಕಿ ಇರುವುದರಿಂದ" ಅಂತ ಶುರು ಮಾಡಿದ್ರೆ ಮೂರು ಎಸ್ಸೆಮ್ಮೆಸ್ ಆಗುತ್ತೆ, ಅಜ್ಜಿಗೂ ಅರ್ಥ ಆಗಲ್ಲ. ಇದೇ ವಿಷಯ ಹೀಗೆ ಬರೀಬಹುದು:

"ಕೆವೈಸಿ ಬಾಕಿ. 30-06ರೊಳಗೆ ಆಧಾರ್ ತನ್ನಿ. ಇಲ್ಲದಿದ್ರೆ ಖಾತೆ ನಿಲ್ಲುತ್ತೆ."

ಇದು ಯಂತ್ರದ ಎಣಿಕೆಯಲ್ಲಿ 64. ಒಂದೇ ಎಸ್ಸೆಮ್ಮೆಸ್. ಬ್ಯಾಂಕಿನ ಹೆಸರು, ಖಾತೆಯ ಕೊನೆ ಅಂಕಿ ಸೇರಿಸಿದ್ರೆ ಎರಡಾಗುತ್ತೆ, ಆಗಲಿ. ಏನು ಬಾಕಿ, ಏನು ತರಬೇಕು, ಯಾವಾಗಿನೊಳಗೆ, ತರದಿದ್ರೆ ಏನಾಗುತ್ತೆ. ನಾಲ್ಕೂ ಇದೆ. ಕನ್ನಡದಲ್ಲಿ ಬರಬೇಕು ಅಂತ ಕೇಳೋವಾಗ ಇಂಥ ಕನ್ನಡದಲ್ಲಿ ಬರಬೇಕು ಅಂತಲೂ ಕೇಳಿ. ಓದಿ ಅರ್ಥ ಆಗದ ಕನ್ನಡಕ್ಕೂ ಇಂಗ್ಲಿಷಿಗೂ ಅಜ್ಜಿ ಪಾಲಿಗೆ ವ್ಯತ್ಯಾಸ ಇಲ್ಲ.

ಇನ್ನೊಂದು ವಿಷಯ ಗೊತ್ತಿರಲಿ. ಶಾಖೆಯ ಮ್ಯಾನೇಜರ್ ಮನಸ್ಸು ಮಾಡಿದ್ರೂ ನಾಳೆಯಿಂದಲೇ ಕನ್ನಡದಲ್ಲಿ ಕಳಿಸೋಕೆ ಆಗಲ್ಲ. ಟ್ರಾಯ್ 2018ರಲ್ಲಿ ಮಾಡಿದ ನಿಯಮದ ಪ್ರಕಾರ ಕಂಪನಿಗಳು ಕಳಿಸೋ ಮೆಸೇಜಿನ ಅಚ್ಚನ್ನ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನೋ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ನೋಂದಾಯಿಸಿದ ಮಾತಿಗೂ ಕಳಿಸಿದ ಮಾತಿಗೂ ತಾಳೆ ಆಗದಿದ್ರೆ ಮೆಸೇಜು ದಾರಿಯಲ್ಲೇ ನಿಲ್ಲುತ್ತೆ. ಕನ್ನಡಕ್ಕೆ ಬೇರೆ ಅಚ್ಚು ನೋಂದಾಯಿಸಬೇಕು, ಅದು ಹೆಡ್ ಆಫೀಸ್ ಕೆಲಸ. ಆದ್ರೆ ಕರ್ನಾಟಕದಲ್ಲಿ ಶಾಖೆ ಇಟ್ಟು ಅಲ್ಲಿನವರಿಗೆ ಕನ್ನಡದಲ್ಲಿ ಕಳಿಸ್ತಿರೋ ಬ್ಯಾಂಕಿಗೆ ಈ ಅಚ್ಚು ಈಗಾಗಲೇ ಇರುತ್ತೆ. ಅವರು ಹೊಸದಾಗಿ ಏನೂ ಮಾಡಬೇಕಿಲ್ಲ. ಪಟ್ಟಿಯಲ್ಲಿ ನಮ್ಮ ಹೆಸರಿನ ಮುಂದೆ ಕನ್ನಡ ಅಂತ ಇರಬೇಕು, ಅಷ್ಟೇ. ಅದಕ್ಕೇ ಕೌಂಟರಲ್ಲಿ ಕೂತಿರೋ ನನ್ನಂಥೋನ ಮೇಲೆ ರೇಗಬೇಡಿ. ಬರವಣಿಗೆಯಲ್ಲಿ ಕೊಡಿ, ಅದು ಮೇಲಕ್ಕೆ ಹೋಗಲಿ.

ಓದೋ ಭಾಷೆ ಬೇರೆ, ಕೇಳೋ ಭಾಷೆ ಬೇರೆ

ಇಲ್ಲಿ ಕೂತಿರೋರಲ್ಲಿ ಎಷ್ಟು ಜನ ಕನ್ನಡ ಓದ್ತೀರಿ? ನಾಚಿಕೆ ಬೇಡ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೇ ಕ್ಲಾಸಿಂದ ತಮಿಳು ಕಡ್ಡಾಯ ಆಯ್ತು. ನಿಮ್ಮಲ್ಲಿ ಬಹಳ ಜನ ತಮಿಳು ಮೀಡಿಯಂ, ಇಲ್ಲಾ ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ಕನ್ನಡ ಮಾತಾಡ್ತೀರಿ, ತಮಿಳು ಅಕ್ಷರ ಓದ್ತೀರಿ. ನಿಮ್ಮ ಅಜ್ಜಿ ಕನ್ನಡ ಅಕ್ಷರ ಓದ್ತಾರೆ. ನಿಮ್ಮ ಅಮ್ಮನಿಗೆ ಯಾವುದೂ ಓದೋಕೆ ಬರದೇ ಇರಬಹುದು, ಆದ್ರೆ ಕನ್ನಡದಲ್ಲಿ ಹೇಳಿದ್ರೆ ಒಂದು ಸಲಕ್ಕೆ ನೆನಪಿಟ್ಕೋತಾರೆ. ಒಂದೇ ಮನೆ, ಮೂರು ಲೆಕ್ಕ.

ಹಂಗಾಗಿ ಭಾಷೆಗೆ ಒಂದು ಕಾಲಂ ಸಾಲದು, ಎರಡು ಬೇಕು. ಓದೋ ಭಾಷೆ ಯಾವುದು, ಕೇಳೋ ಭಾಷೆ ಯಾವುದು. ಓದೋಕೆ ಬರದವರಿಗೆ ಎಸ್ಸೆಮ್ಮೆಸ್ ಬದಲು ಧ್ವನಿ ಕರೆ ಹೋಗಬೇಕು. ಆ ಕರೆ ಅವರು ಹೊಲದಲ್ಲಿರೋ ಹೊತ್ತಲ್ಲಿ ಬಂದ್ರೆ ಪ್ರಯೋಜನ ಇಲ್ಲ. ನಮ್ಮ ಕಾಡಂಚಿನ ಊರುಗಳಲ್ಲಿ ಸಿಗ್ನಲ್ ಬಂದು ಹೋಗ್ತಾ ಇರುತ್ತೆ, ಹಂಗಾಗಿ ಒಂದು ಸಲ ಸಿಗದಿದ್ರೆ ಸಂಜೆ ಮತ್ತೊಂದು ಸಲ ಮಾಡಬೇಕು ಅಂತಲೂ ಹೆಣೆದಿಡಬೇಕು. ಇದೆಲ್ಲಾ ಆ ಸಾಫ್ಟ್‌ವೇರ್‌ಗಳಲ್ಲಿ ಆಗೋ ಕೆಲಸವೇ. ಕೇಳೋರು ಬೇಕು.

ಗಡುವು ಇರೋ ಮೆಸೇಜು

ಜಾಹೀರಾತು ಯಾವ ಭಾಷೆಯಲ್ಲಾದ್ರೂ ಬರಲಿ, ನನಗೆ ಚಿಂತೆ ಇಲ್ಲ. ಗಡುವು ಇರೋ ಮೆಸೇಜು ಮಾತ್ರ ಅರ್ಥ ಆಗಲೇಬೇಕು.

ಒಂದು ಉದಾಹರಣೆ. ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ತಿಂಗಳಿಗೆ 1000 ರೂಪಾಯಿ ಕೊಡೋ ಕಲೈಞರ್ ಮಗಳಿರ್ ಉರಿಮೈ ಯೋಜನೆ 2023ರ ಸೆಪ್ಟೆಂಬರ್ 15ಕ್ಕೆ ಕಾಂಚೀಪುರದಲ್ಲಿ ಶುರುವಾಯ್ತು. ಮೊದಲ ಹಂತದಲ್ಲೇ 1 ಕೋಟಿಗೂ ಹೆಚ್ಚು ಹೆಂಗಸರು. ಇಷ್ಟು ದೊಡ್ಡ ಕೆಲಸ ಯಂತ್ರದ ಮೆಸೇಜು ಇಲ್ಲದೆ ಆಗ್ತಿರಲಿಲ್ಲ. ಅರ್ಜಿ ತಿರಸ್ಕಾರ ಆದವರಿಗೆ ಕಾರಣವನ್ನ ಎಸ್ಸೆಮ್ಮೆಸ್‌ನಲ್ಲಿ ತಿಳಿಸಿದ್ರು, 30 ದಿನದೊಳಗೆ ಮೇಲ್ಮನವಿ ಹಾಕಬಹುದು ಅಂದ್ರು. ಒಳ್ಳೇ ಏರ್ಪಾಡು, ಕಾರಣ ಹೇಳದೆ ಬಿಡೋದಕ್ಕಿಂತ ಎಷ್ಟೋ ಮೇಲು. ಆದ್ರೆ ನೀವೇ ಲೆಕ್ಕ ಹಾಕಿ. ಮೆಸೇಜು ಬಂದ ದಿನವೇ ಓದಿದವರಿಗೆ 30 ದಿನ. ಮೊಮ್ಮಗ ಹಬ್ಬಕ್ಕೆ ಊರಿಗೆ ಬಂದಾಗ ಓದಿಸಿಕೊಂಡವರಿಗೆ ಎಷ್ಟು ದಿನ ಉಳಿಯುತ್ತೆ?

ಇನ್ನೂ ಒಂದು ಇದೆ. ಒಟಿಪಿ ಜೊತೆಗೆ "ಯಾರಿಗೂ ಹೇಳಬೇಡಿ" ಅನ್ನೋ ಎಚ್ಚರಿಕೆ ಬರುತ್ತೆ. ಆ ಎಚ್ಚರಿಕೆಯೇ ಓದೋಕೆ ಬರದ ಭಾಷೆಯಲ್ಲಿದ್ರೆ? ಫೋನ್ ಮಾಡಿದ ಕಳ್ಳ ಮಾತ್ರ ಚೆನ್ನಾಗಿ ಕನ್ನಡದಲ್ಲೇ ಮಾತಾಡ್ತಾನೆ. "ಅಮ್ಮಾ, ಒಂದು ನಂಬರ್ ಬಂದಿದೆ ನೋಡಿ, ಹೇಳಿ" ಅಂತಾನೆ. ಬ್ಯಾಂಕು ಇಂಗ್ಲಿಷಿನಲ್ಲಿ "ಹೇಳಬೇಡಿ" ಅನ್ನುತ್ತೆ, ಕಳ್ಳ ಕನ್ನಡದಲ್ಲಿ "ಹೇಳಿ" ಅಂತಾನೆ. ಯಾರ ಮಾತು ಕೇಳ್ತಾರೆ?

ಅಸಲಿ ಮೆಸೇಜು ಗುರುತಿಸೋಕೆ ಮನೆಯವರಿಗೆ ಇಷ್ಟು ಕಲಿಸಿ. ಬ್ಯಾಂಕಿನ ಎಸ್ಸೆಮ್ಮೆಸ್ ಹತ್ತಂಕಿಯ ಮಾಮೂಲಿ ನಂಬರಿಂದ ಬರಲ್ಲ, ಅಕ್ಷರದ ಹೆಸರಿಂದ ಬರುತ್ತೆ. 2025ರಿಂದ ಆ ಹೆಸರಿನ ಕೊನೆಗೆ ಒಂದು ಗೆರೆ ಹಾಕಿ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ. ಟಿ ಅಂದ್ರೆ ವ್ಯವಹಾರ, ಎಸ್ ಅಂದ್ರೆ ಸೇವೆ, ಪಿ ಅಂದ್ರೆ ಜಾಹೀರಾತು, ಜಿ ಅಂದ್ರೆ ಸರ್ಕಾರ. ಬ್ಯಾಂಕಿನ ಸೇವಾ ಕರೆಗಳಿಗೆ 1600ರಿಂದ ಶುರುವಾಗೋ ನಂಬರ್, ಜಾಹೀರಾತು ಕರೆಗೆ 140. ದುಡ್ಡು ಹೋಯ್ತು ಅಂದ್ರೆ ಅಳ್ತಾ ಕೂರದೆ ತಕ್ಷಣ 1930ಕ್ಕೆ ಫೋನ್ ಮಾಡಿ.

ನಾವು ಏನು ಮಾಡಬೇಕು

ಮೊದಲನೇದು, ಮನೆಯಿಂದ ಶುರು ಮಾಡಿ. ಮನೆಯಲ್ಲಿರೋ ಹಿರಿಯರ ಫೋನ್ ತೆಗೆದು ಕೊನೇ ಇಪ್ಪತ್ತು ಮೆಸೇಜು ನೋಡಿ. ಗಡುವು ಇರೋದು ಏನಾದ್ರೂ ಇದೆಯಾ ಹುಡುಕಿ. ಕೆವೈಸಿ ಬಾಕಿ ಇದ್ದು, ವಿಳಾಸ ಏನೂ ಬದಲಾಗಿಲ್ಲ ಅಂದ್ರೆ ಈಗ ಬ್ಯಾಂಕ್ ಮಿತ್ರರ ಹತ್ರವೂ "ಬದಲಾವಣೆ ಇಲ್ಲ" ಅಂತ ಹೇಳಿಕೆ ಕೊಡೋ ಅವಕಾಶವನ್ನ ರಿಸರ್ವ್ ಬ್ಯಾಂಕ್ ಕೊಟ್ಟಿದೆ. ಹಂಗಾಗಿ ಎಲ್ಲರೂ ಬಸ್ಸು ಹತ್ತಲೇಬೇಕು ಅಂತಿಲ್ಲ.

ಎರಡನೇದು, ಬ್ಯಾಂಕಿಗೆ ಒಂದು ಚೀಟಿ ಕೊಡಿ. ದೊಡ್ಡ ಮನವಿ ಪತ್ರ ಬೇಡ. ಇಷ್ಟು ಸಾಕು: "ನನ್ನ ಖಾತೆಗೆ ಸಂಬಂಧಿಸಿದ ಎಸ್ಸೆಮ್ಮೆಸ್, ಫೋನ್ ಕರೆ ಮತ್ತು ಪತ್ರಗಳು ಕನ್ನಡದಲ್ಲಿ ಬೇಕು. ನನ್ನ ಭಾಷೆ ಕನ್ನಡ ಎಂದು ದಾಖಲಿಸಿ, ದಾಖಲಿಸಿದ್ದನ್ನು ತಿಳಿಸಿ." ಖಾತೆ ನಂಬರ್, ಸಹಿ ಅಥವಾ ಹೆಬ್ಬೆಟ್ಟು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸಿ ಇಟ್ಕೊಳ್ಳಿ. ಬ್ಯಾಂಕಿನ ಆ್ಯಪ್ ಇದ್ರೆ ಅದರಲ್ಲಿ ಭಾಷೆ ಬದಲಾಯಿಸೋ ಜಾಗ ಇದೆಯಾ ನೋಡಿ. ಆದ್ರೆ ಆ್ಯಪಿನ ಭಾಷೆ ಬದಲಾದ್ರೆ ಎಸ್ಸೆಮ್ಮೆಸ್ ಭಾಷೆಯೂ ಬದಲಾಗುತ್ತೆ ಅಂತ ನಂಬಿ ಕೂರಬೇಡಿ, ಅವೆರಡೂ ಬೇರೆ ಬೇರೆ ಕಾಲಂ ಇರಬಹುದು.

ಮೂರನೇದು, ಕಾನೂನು ತಿಳ್ಕೊಳ್ಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ ಅಂತ ಇದೆ. ನಿಮ್ಮ ವಿವರ ತಗೊಳ್ಳೋಕೆ ಒಪ್ಪಿಗೆ ಕೇಳೋವಾಗ ಕೊಡೋ ಸೂಚನೆಯನ್ನ ಇಂಗ್ಲಿಷಿನಲ್ಲೋ, ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದ್ರೂ ಓದೋ ಆಯ್ಕೆ ನಿಮಗೆ ಕೊಡಬೇಕು ಅಂತ ಅದು ಹೇಳುತ್ತೆ. ಗಮನಿಸಿ, ಅಲ್ಲಿ ರಾಜ್ಯದ ಮಾತಿಲ್ಲ, 15%ದ ಮಾತಿಲ್ಲ. ಆಯ್ಕೆ ಮನುಷ್ಯನದು. ಕನ್ನಡ ಆ 22ರಲ್ಲಿದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಭಾಗ ಜಾರಿಯಾಗೋಕೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಇದು ಒಪ್ಪಿಗೆಯ ಸೂಚನೆಗೆ ಮಾತ್ರ, ಎಲ್ಲಾ ಮೆಸೇಜಿಗೂ ಅಲ್ಲ, ತಪ್ಪು ತಿಳ್ಕೋಬೇಡಿ. ಆದ್ರೆ ಅಲ್ಲಿ ಭಾಷೆ ಕೇಳಿ ಬರೆದುಕೊಂಡ ಮೇಲೆ ಉಳಿದ ಮೆಸೇಜಿಗೂ ಅದೇ ಕಾಲಂ ಬಳಸಿ ಅಂತ ಕೇಳೋದು ಸುಲಭ ಆಗುತ್ತೆ. ಬ್ಯಾಂಕುಗಳು ಈಗ ತಮ್ಮ ಅರ್ಜಿ, ಸಾಫ್ಟ್‌ವೇರ್ ಎಲ್ಲಾ ತಿದ್ದಬೇಕಾದ ಸಮಯ. ಕೇಳೋಕೆ ಇದೇ ಹೊತ್ತು.

ನಾಲ್ಕನೇದು ನಿಮಗೇ. ನೀವು ಕನ್ನಡ ಶಾಲೆಗೆ ಮಕ್ಕಳನ್ನ ಸೇರಿಸಿ ಅಂತ ಮೆಸೇಜು ಕಳಿಸ್ತೀರಿ, ಸ್ವಸಹಾಯ ಸಂಘದ ಕಂತು ನೆನಪಿಸ್ತೀರಿ, ಹಾಲಿನ ಡೇರಿ ಲೆಕ್ಕ ಹೇಳ್ತೀರಿ. ಅಲ್ಲಿ ನೀವೇ ಬ್ಯಾಂಕು. ಆ ಆರು ಪ್ರಶ್ನೆ ನೀವೂ ಕೇಳ್ಕೊಳ್ಳಿ. ಶಾಲೆ ಸೇರಿಸೋ ವಯಸ್ಸಿನ ಮಗು ಇಲ್ಲದ ಮನೆಗೆ ದಾಖಲಾತಿ ಮೆಸೇಜು ಹೋದ್ರೆ, ಮುಂದೆ ನಿಮ್ಮ ಮೆಸೇಜನ್ನ ಅವರು ತೆಗೆಯೋದೇ ಇಲ್ಲ. ಮಗು ಸೇರಿದ ಮೇಲೆ ಆ ಹೆಸರನ್ನ ಪಟ್ಟಿಯಿಂದ ತೆಗೀರಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಾತ್ರ ಹಿಡಿಯೋದು, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ, ನೆನಪಿರಲಿ. ನಿಮ್ಮ ಪಟ್ಟಿಯಲ್ಲೂ ಎರಡು ಕಾಲಂ ಇರಲಿ, ಓದೋ ಭಾಷೆ, ಕೇಳೋ ಭಾಷೆ. ತೆಲುಗಿನವರ ಮನೆಗೆ ತೆಲುಗಿನಲ್ಲಿ, ತಮಿಳಿನವರಿಗೆ ತಮಿಳಿನಲ್ಲಿ ಕಳಿಸಿ. ನಮಗೆ ಬೇಕು ಅಂತ ಕೇಳೋ ಮರ್ಯಾದೆಯನ್ನ ನಾವೂ ಕೊಡಬೇಕು. ಓದೋಕೆ ಬರದವರಿಗೆ ನಿಮ್ಮ ದನಿಯಲ್ಲೇ ಅರ್ಧ ನಿಮಿಷದ ಆಡಿಯೋ ಕಳಿಸಿ, ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ.

ಅಜ್ಜಿ ಕಥೆ ಮುಗಿಸಿಬಿಡ್ತೀನಿ. ಆ ದಿನ ಆಧಾರ್ ಜೆರಾಕ್ಸ್ ತೆಗೆಸಿ ಕೆವೈಸಿ ಮಾಡಿದ್ವಿ. ದುಡ್ಡು ಮಾತ್ರ ಅವತ್ತೇ ಸಿಗಲಿಲ್ಲ, ಇನ್ನೊಂದು ದಿನ ಬಸ್ಸು ಹತ್ತಿ ಬಂದ್ರು. ಭಾಷೆ ಕಾಲಂನಲ್ಲಿ ಕನ್ನಡ ಅಂತ ಹಾಕಿದೆ. ಆಮೇಲೆ ಅವರಿಗೆ ಕನ್ನಡದಲ್ಲಿ ಮೆಸೇಜು ಬಂತಾ ಅಂದ್ರೆ, ಇನ್ನೂ ಇಲ್ಲ. ಕಾಲಂ ತುಂಬಿದೆ, ಆದ್ರೆ ನಮ್ಮ ರಾಜ್ಯದ ಶಾಖೆಗಳಿಗೆ ಕನ್ನಡದ ಅಚ್ಚು ಜೋಡಿಸಿಲ್ಲ ಅಂತ ಮೇಲಿಂದ ಉತ್ತರ ಬಂತು. ಎಷ್ಟು ಜನ ಕೇಳಿದ್ದಾರೆ ಅಂತಲೂ ಕೇಳಿದ್ರು. ನನ್ನ ಶಾಖೆಯಿಂದ ಒಬ್ಬರು ಅಂತ ಬರೆದೆ. ಅಜ್ಜಿ ಹೆಸರು ಒಂದೇ.

ಆಮೇಲಿಂದ ನನ್ನ ಕೌಂಟರಿಗೆ ಬಂದವರನ್ನೆಲ್ಲಾ ಕೇಳ್ತಿದ್ದೀನಿ. ಸಾಲು ಎಷ್ಟು ಉದ್ದ ಇದ್ರೂ ಆ ಕಾಲಂಗೆ ಟ್ಯಾಬ್ ಒತ್ತಲ್ಲ. ಈಗ ಪಟ್ಟಿ ಒಂದು ಪುಟ ದಾಟಿದೆ. ಆದ್ರೆ ಅದು ಒಂದು ಶಾಖೆ, ಒಂದು ಕೌಂಟರು. ಅಂಚೆಟ್ಟಿ, ತಳಿ, ಡೆಂಕಣಿಕೋಟೆ, ಹೊಸೂರು ಕಡೆ ನಿಮ್ಮ ನಿಮ್ಮ ಮನೆಯವರ ಚೀಟಿ ಹೋದ್ರೆ ಮುಂದಿನ ಸಲ "ಎಷ್ಟು ಜನ" ಅಂತ ಕೇಳಿದಾಗ ಒಂದು ಅಂತ ಬರೆಯೋ ಗತಿ ಯಾವ ಗುಮಾಸ್ತನಿಗೂ ಬರಲ್ಲ.

ಚೀಟಿಯ ನಮೂನೆ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಬರೆದು ತಂದಿದ್ದೀನಿ. ಹೋಗೋವಾಗ ತಗೊಂಡು ಹೋಗಿ. ಕನ್ನಡ ಬರೆಯೋಕೆ ಬರದವರು ತಮಿಳಿನದ್ದೇ ತಗೊಳ್ಳಿ, ಪರವಾಗಿಲ್ಲ. ಅದರಲ್ಲೂ ಕೇಳಿರೋದು ಕನ್ನಡವನ್ನೇ.